ಕಸ ಯಾವುದು, ಕನ್ನಡ ಯಾವುದು?

(ಯುವ ಕಾರ್ಯಕರ್ತರ ಕಂಪ್ಯೂಟರ್ ಶಿಬಿರದಲ್ಲಿ ಮಾಡಿದ ಭಾಷಣದ ಪೂರ್ಣಪಾಠ)



ಬೆಂಗಳೂರನ್ನು ಯಾರಾದರೂ 'ಬಗಳರ' ಎಂದು ಬೋರ್ಡಿನ ಮೇಲೆ ಬರೆದರೆ ನೀವು ಸುಮ್ಮನಿರುತ್ತೀರಾ? ಇಲ್ಲ. ಮೊದಲು ಹೋಗಿ ಕೇಳುತ್ತೀರಿ. ತಿದ್ದದಿದ್ದರೆ ಗುಂಪು ಕಟ್ಟಿಕೊಂಡು ಹೋಗುತ್ತೀರಿ. ಮಸಿ ಡಬ್ಬಿ ಹಿಡಿದವರೂ ಇಲ್ಲಿ ಕೂತಿದ್ದೀರಿ, ನನಗೆ ಗೊತ್ತು! ಆದರೆ ಇದೇ ಕೆಲಸ ದಿನಾ ನಡೆಯುತ್ತಿದೆ. ಬೋರ್ಡಿನ ಮೇಲಲ್ಲ, ಕಂಪ್ಯೂಟರಿನ ಒಳಗೆ. ಮಾಡುವವರು ಹೊರಗಿನವರೇ ಅಂತ ತಿಳಿಯಬೇಡಿ. ನಮ್ಮ ಪಕ್ಕದ ಬಡಾವಣೆಯ ಹುಡುಗರು, ಕಂಪನಿಗಳಲ್ಲಿ ದುಡಿಯುವ ಅಚ್ಚ ಕನ್ನಡದ ಮಕ್ಕಳು. ಅವರಿಗೆ ಕನ್ನಡದ ಮೇಲೆ ದ್ವೇಷವೂ ಇಲ್ಲ. ಅವರು ಮಾಡುತ್ತಿರುವುದು 'ಡೇಟಾ ಕ್ಲೀನಿಂಗ್'. ಅಂದರೆ ಪಟ್ಟಿಯ ಕಸ ಗುಡಿಸುವ ಕೆಲಸ. ಗುಡಿಸುವ ಪೊರಕೆಗೆ ಕಸ ಯಾವುದು, ಕನ್ನಡ ಯಾವುದು ಗೊತ್ತಾಗುತ್ತಿಲ್ಲ. ಅಷ್ಟೇ!

ಹೇಗೆ ಅಂತ ಹೇಳುತ್ತೇನೆ, ಕೇಳಿ. ಪಟ್ಟಿಯಲ್ಲಿರುವ ಪಠ್ಯವನ್ನು ಚೊಕ್ಕಟ ಮಾಡುವಾಗ ಎಲ್ಲರೂ ಬಳಸುವ ಒಂದು ಸೂತ್ರವಿದೆ: "ಅಕ್ಷರ, ಅಂಕಿ, ಖಾಲಿ ಜಾಗ ಬಿಟ್ಟು ಉಳಿದದ್ದೆಲ್ಲ ಅಳಿಸು." ಇಂಗ್ಲಿಷಿಗೆ ಇದು ಸರಿ. ಅಲ್ಪವಿರಾಮ, ಆವರಣ, ನಕ್ಷತ್ರದ ಗುರುತು ಎಲ್ಲ ಹೋಗಿ ಬರೀ ಹೆಸರು ಉಳಿಯುತ್ತದೆ. ಆದರೆ ಕನ್ನಡದಲ್ಲಿ ಅಕ್ಷರ ಅಂದರೆ ಯಾವುದು? ಯೂನಿಕೋಡ್ ಲೆಕ್ಕದಲ್ಲಿ ಕ, ಗ, ಮ ಇವು 'ಲೆಟರ್'. ಇಳಿ, ಗುಡಿಸು, ಕೊಂಬು, ಏತ್ವ, ಸೊನ್ನೆ, ಒತ್ತಕ್ಷರ ಮಾಡುವ ವಿರಾಮ ಚಿಹ್ನೆ ಇವೆಲ್ಲ 'ಮಾರ್ಕ್'. ಬೇರೆ ಜಾತಿ! ಪೈಥಾನ್ ಭಾಷೆಯ ಜೊತೆಗೇ ಬರುವ ಹುಡುಕು-ತಿದ್ದು ಸೌಲಭ್ಯ 'ಲೆಟರ್'ಗಳನ್ನು ಅಕ್ಷರವೆಂದು ಒಪ್ಪುತ್ತದೆ, 'ಮಾರ್ಕ್'ಗಳನ್ನು ಒಪ್ಪುವುದಿಲ್ಲ. ಆದ್ದರಿಂದ ಆ ಸೂತ್ರವನ್ನು ಕನ್ನಡದ ಮೇಲೆ ಓಡಿಸಿದರೆ ಗುಡಿಸುವವನು ನಮ್ಮ ಗುಡಿಸನ್ನೂ ಗುಡಿಸಿ ಹಾಕುತ್ತಾನೆ. 'ಕನ್ನಡ' ಹೋಗಿ 'ಕನನಡ'. 'ಬೆಂಗಳೂರು' ಹೋಗಿ 'ಬಗಳರ'. 'ಮೈಸೂರು' ಹೋಗಿ 'ಮಸರ'. 'ಮೊಸರು' ಕೂಡಾ 'ಮಸರ'! ಮೈಸೂರಿಗೂ ಮೊಸರಿಗೂ ವ್ಯತ್ಯಾಸ ತಿಳಿಯದ ಯಂತ್ರದ ಕೈಗೆ ನಮ್ಮ ಊರಿನ ಪಟ್ಟಿ ಕೊಟ್ಟಿದ್ದೇವೆ. ರಾಜ್ಯದ ಜಿಲ್ಲೆಗಳ ಹೆಸರುಗಳಲ್ಲಿ ಗದಗ ಒಂದು ಬಚಾವ್. ಅದಕ್ಕೆ ಕೊಂಬೂ ಇಲ್ಲ, ಕಾಲೂ ಇಲ್ಲ.

ಇದಕ್ಕಿಂತ ಒರಟಾದ ಸೂತ್ರವೂ ಇದೆ. "ಇಂಗ್ಲಿಷಿನ ಇಪ್ಪತ್ತಾರು ಅಕ್ಷರ, ಹತ್ತು ಅಂಕಿ ಬಿಟ್ಟು ಉಳಿದದ್ದೆಲ್ಲ ಕಸ." ಅದನ್ನು ಓಡಿಸಿದರೆ ಕನ್ನಡದ ಕಾಲಮ್ಮು ಪೂರ್ತಿ ಖಾಲಿ. ನಿಜ ಹೇಳಬೇಕೆಂದರೆ ಇದೇ ವಾಸಿ! ಖಾಲಿಯಾದದ್ದು ಕಣ್ಣಿಗೆ ಬೀಳುತ್ತದೆ, ಯಾರಾದರೂ ಕೇಳುತ್ತಾರೆ. 'ಮಸರ' ಆದದ್ದು ಮೂರು ತಿಂಗಳಾದರೂ ಕಣ್ಣಿಗೆ ಬೀಳುವುದಿಲ್ಲ.

ಕೊನೆಗೆ ಆಗುವುದೇನು? "ಕನ್ನಡದಲ್ಲಿ ಪಟ್ಟಿ ಇಟ್ಟರೆ ಕಂಪ್ಯೂಟರ್ ಕೈ ಕೊಡುತ್ತೆ ಸಾರ್, ಇಂಗ್ಲಿಷಲ್ಲೇ ಇಡೋಣ" ಅನ್ನುತ್ತಾರೆ. ಕೈ ಕೊಟ್ಟದ್ದು ಕಂಪ್ಯೂಟರೂ ಅಲ್ಲ, ಕನ್ನಡವೂ ಅಲ್ಲ. ಇಂಗ್ಲಿಷಿಗೆ ಬರೆದ ಸೂತ್ರವನ್ನು ಯೋಚಿಸದೆ ಕನ್ನಡಕ್ಕೆ ಹಚ್ಚಿದ ಕೈ ಅದು. ಇಂಗ್ಲಿಷಿನಲ್ಲಿ ಇಟ್ಟರೆ ಚೊಕ್ಕಟವಾಗಿರುತ್ತದೆಯೇ? ಅದೂ ಸುಳ್ಳು. ಮಂಜುನಾಥನನ್ನು ಇಂಗ್ಲಿಷಿನಲ್ಲಿ ಎಷ್ಟು ಥರ ಬರೆಯಬಹುದು, ನಿಮ್ಮ ಪಕ್ಕದಲ್ಲಿ ಕೂತ ಮಂಜುನಾಥನನ್ನೇ ಕೇಳಿ. ನಮ್ಮ 'ಳ' ಇಂಗ್ಲಿಷಿನಲ್ಲಿ 'ಲ' ಆಗುತ್ತದೆ. ಹಳ್ಳಿಯೂ ಅದೇ, ಗೋಡೆಯ ಮೇಲಿನ ಹಲ್ಲಿಯೂ ಅದೇ. ಒಮ್ಮೆ ಇಂಗ್ಲಿಷಿಗೆ ಹೋದ ಹೆಸರನ್ನು ಮತ್ತೆ ಕನ್ನಡಕ್ಕೆ ತರುವುದು ಅಂದಾಜಿನ ಕೆಲಸ.

ಆದ್ದರಿಂದ ಇವತ್ತು ಭಾಷಣದಲ್ಲಿ ಘೋಷಣೆ ಬೇಡ, ಕೆಲಸ ಮಾತಾಡೋಣ. ನಮ್ಮ ಕೈಯಲ್ಲೇ ಇರುವ ಒಂದು ಪಟ್ಟಿ ತೆಗೆದುಕೊಳ್ಳಿ. ಅಣ್ಣಾವ್ರ ಹುಟ್ಟುಹಬ್ಬಕ್ಕೆ ಏಪ್ರಿಲ್ ೨೪ರಂದು, ರಾಜ್ಯೋತ್ಸವಕ್ಕೆ ನವೆಂಬರ್ ೧ರಂದು ರಕ್ತದಾನ ಶಿಬಿರ ಮಾಡುತ್ತೀರಿ. ಪ್ರತಿಸಲ ಒಂದು ಪುಸ್ತಕದಲ್ಲೋ ಮೊಬೈಲಿನಲ್ಲೋ ದಾನಿಗಳ ಹೆಸರು ಬರೆದುಕೊಳ್ಳುತ್ತೀರಿ. ಹೆಸರು, ಊರು, ರಕ್ತದ ಗುಂಪು, ಫೋನು. ನಾಲ್ಕು ಶಾಖೆಯವರು ನಾಲ್ಕು ಥರ ಬರೆದಿರುತ್ತಾರೆ. ರಾತ್ರಿ ಹನ್ನೆರಡಕ್ಕೆ ಶಿವಮೊಗ್ಗದಿಂದ ಫೋನ್ ಬರುತ್ತದೆ: ಓ ನೆಗೆಟಿವ್ ಬೇಕು, ಬಾಣಂತಿಗೆ. ನೀವು ಪಟ್ಟಿ ತೆಗೆದು 'ಶಿವಮೊಗ್ಗ' ಎಂದು ಹುಡುಕುತ್ತೀರಿ. ಇಬ್ಬರು ಸಿಗುತ್ತಾರೆ, ಇಬ್ಬರ ಫೋನೂ ಬಂದ್. ಅದೇ ಪಟ್ಟಿಯಲ್ಲಿ 'ಶಿವಮೊಗ್ಗ ' ಅಂತ ಕೊನೆಗೊಂದು ಖಾಲಿ ಜಾಗ ಬಿಟ್ಟು ಬರೆದವರು, 'ಶಿಮೊಗ್ಗ' ಅಂತ ಬರೆದವರು, ಇಂಗ್ಲಿಷಿನಲ್ಲಿ ಬರೆದವರು ಬೇರೆ ಸಾಲುಗಳಲ್ಲಿ ಸುಮ್ಮನೆ ಕೂತಿರುತ್ತಾರೆ. ದಾನಿ ಇದ್ದ, ಪಟ್ಟಿಯಲ್ಲೂ ಇದ್ದ. ಹೆಸರು ಕೂಗಿದಾಗ ಮಾತ್ರ ಸಿಗಲಿಲ್ಲ.

ಈ ಪಟ್ಟಿ ತೊಳೆಯಲು ಒಂದು ಸಲಕರಣೆ ಹೇಳುತ್ತೇನೆ: ಓಪನ್‌ರಿಫೈನ್. ಕಾಸು ಕೊಡಬೇಕಾಗಿಲ್ಲ. ಇದರ ಕಥೆಯೂ ಚೆನ್ನಾಗಿದೆ. ೨೦೧೦ರಲ್ಲಿ ಮೆಟಾವೆಬ್ ಎಂಬ ಕಂಪನಿ ಇದನ್ನು 'ಫ್ರೀಬೇಸ್ ಗ್ರಿಡ್‌ವರ್ಕ್ಸ್' ಎಂಬ ಹೆಸರಿನಲ್ಲಿ ಹೊರತಂದಿತು. ಅದೇ ವರ್ಷ ಆ ಕಂಪನಿಯನ್ನು ಗೂಗಲ್ ಕೊಂಡಿತು. ಹೆಸರು 'ಗೂಗಲ್ ರಿಫೈನ್' ಆಯಿತು. ೨೦೧೨ರಲ್ಲಿ ಗೂಗಲ್ ಕೈ ಬಿಟ್ಟಿತು. ಬಳಸುವ ಜನರೇ ಅದನ್ನು ಎತ್ತಿಕೊಂಡು 'ಓಪನ್‌ರಿಫೈನ್' ಎಂದು ಹೆಸರಿಟ್ಟು ಇವತ್ತಿಗೂ ನಡೆಸುತ್ತಿದ್ದಾರೆ. ಇನ್ನೊಂದು ಮುಖ್ಯ ಮಾತು: ನೋಡಲು ಬ್ರೌಸರಿನಲ್ಲಿ ತೆರೆದುಕೊಂಡರೂ ಅದು ಓಡುವುದು ನಿಮ್ಮ ಕಂಪ್ಯೂಟರಿನಲ್ಲೇ. ಜನರ ಹೆಸರು, ಫೋನು, ರಕ್ತದ ಗುಂಪು ಇರುವ ಪಟ್ಟಿಯನ್ನು ಯಾವುದೋ ಊರಿನ ಯಾರದೋ ಯಂತ್ರಕ್ಕೆ ಕಳಿಸಬೇಕಾಗಿಲ್ಲ. ನಂಬಿ ಕೊಟ್ಟ ಫೋನ್ ನಂಬರ್ ಅದು, ನೆನಪಿರಲಿ. ಎಕ್ಸೆಲ್‌ನಲ್ಲಿರುವ ಪವರ್ ಕ್ವೆರಿ ಗೊತ್ತಿರುವವರು ಅದರಲ್ಲೇ ಮಾಡಿ, ನನ್ನದೇನೂ ತಕರಾರಿಲ್ಲ. ಹೇಳುವ ಎಚ್ಚರಿಕೆ ಎರಡಕ್ಕೂ ಒಂದೇ.

ಪಟ್ಟಿ ತೆರೆಯುವಾಗಲೇ ಮೊದಲ ಗುಂಡಿ ಇದೆ. ಕನ್ನಡದ ಒಂದೊಂದು ಘಟಕವೂ ಯುಟಿಎಫ್-೮ ರೂಪದಲ್ಲಿ ಮೂರು ಬೈಟ್ ತೆಗೆದುಕೊಳ್ಳುತ್ತದೆ. ಸಿಎಸ್‌ವಿ ಫೈಲನ್ನು ಎಕ್ಸೆಲ್‌ನಲ್ಲಿ ಸುಮ್ಮನೆ ಎರಡು ಸಲ ಒತ್ತಿ ತೆರೆದರೆ, ಫೈಲಿನ ತಲೆಯಲ್ಲಿ ಗುರುತಿಲ್ಲದಿದ್ದರೆ ಎಕ್ಸೆಲ್ ಅದನ್ನು ಇಂಗ್ಲಿಷಿನ ಹಳೇ ಸಂಕೇತವೆಂದು ಭಾವಿಸಿ ಗಿಜಿಬಿಜಿ ತೋರಿಸುತ್ತದೆ. ಗಾಬರಿ ಬೇಡ, ಕನ್ನಡ ಇನ್ನೂ ಒಳಗಿದೆ. ಮುಚ್ಚಿ, ಆಮದು ಮಾಡುವ ದಾರಿಯಲ್ಲಿ ಬಂದು ಯುಟಿಎಫ್-೮ ಎಂದು ಆರಿಸಿ. ಆದರೆ ಕನ್ನಡ ಪಟ್ಟಿಯನ್ನು ಬರೀ 'ಸಿಎಸ್‌ವಿ' ಎಂದು ಉಳಿಸಿದಿರೋ, ಪ್ರತಿ ಅಕ್ಷರದ ಜಾಗದಲ್ಲೂ ಪ್ರಶ್ನಾರ್ಥಕ ಚಿಹ್ನೆ! ಅದು ಹೋಯಿತು ಅಂದರೆ ಹೋಯಿತು, ದೇವರು ಬಂದರೂ ಸಿಗುವುದಿಲ್ಲ. 'ಸಿಎಸ್‌ವಿ ಯುಟಿಎಫ್-೮' ಎಂದೇ ಇರುವ ಆಯ್ಕೆಯನ್ನು ಹಿಡಿಯಿರಿ. ಜೊತೆಗೆ ಎಲ್ಲಾ ಕಾಲಮ್ಮುಗಳನ್ನೂ 'ಪಠ್ಯ' ಎಂದೇ ಒಳಗೆ ತನ್ನಿ. ಅಂಕಿ ಎಂದು ಬಿಟ್ಟರೆ ಬೆಂಗಳೂರಿನ ೦೮೦ ಬರೀ ೮೦ ಆಗುತ್ತದೆ.

ಎರಡನೆಯದು, ನಮ್ಮ ನಾಡಿನದೇ ಗುಂಡಿ. ಹಳೆಯ ಪಟ್ಟಿಗಳು ನುಡಿ, ಬರಹದ ಹಳೆಯ ಅಕ್ಷರವಿನ್ಯಾಸದಲ್ಲಿ ಇರುತ್ತವೆ. ೧೯೯೧ರ ಮೊದಲ ಯೂನಿಕೋಡ್ ಆವೃತ್ತಿಯಲ್ಲೇ ಕನ್ನಡ ಇತ್ತು. ಆದರೆ ಅದು ನಮ್ಮ ಮೇಜಿನ ಕಂಪ್ಯೂಟರಿಗೆ ಸರಿಯಾಗಿ ಬರಲು ವರ್ಷಗಳೇ ಹಿಡಿದವು. ವಿಂಡೋಸ್ ಎಕ್ಸ್‌ಪಿ ತುಂಗಾ ಅಕ್ಷರದ ಜೊತೆ ಬಂದದ್ದು ೨೦೦೧ರಲ್ಲಿ. ಅಲ್ಲಿಯವರೆಗೆ, ಆಮೇಲೂ ಬಹಳ ಕಾಲ, ಕನ್ನಡ ಬದುಕಿದ್ದು ವೇಷ ಹಾಕಿಕೊಂಡು. ನುಡಿಯ ಹಳೆಯ ಫೈಲಿನಲ್ಲಿ ನಿಮ್ಮ ಕಣ್ಣಿಗೆ 'ಕ' ಕಂಡರೂ ಒಳಗಿರುವುದು ಇಂಗ್ಲಿಷಿನ ದೊಡ್ಡ 'ಪಿ', ಅದರ ಪಕ್ಕ ತಲೆ ಮೇಲೆ ಓರೆಗೆರೆ ಇರುವ ದೊಡ್ಡ 'ಎ'. ನಮ್ಮ 'ನ' ಇದೆಯಲ್ಲ, ಅದು ಬ್ರಿಟಿಷರ ಪೌಂಡ್ ಗುರುತಿನ ವೇಷದಲ್ಲಿದೆ! ಆ ದಿನಗಳಲ್ಲಿ ಕನ್ನಡವನ್ನು ಪರದೆಯ ಮೇಲೆ ಮೂಡಿಸಿದವರ ಸಾಧನೆ ದೊಡ್ಡದು, ಅವರನ್ನು ಹಳಿಯುತ್ತಿಲ್ಲ. ಆದರೆ ಈ ಕಾಲಮ್ಮಿಗೆ ಇಂದಿನ ಸಲಕರಣೆ ಹಚ್ಚಿದರೆ ನೋಡಿ ಫಜೀತಿ. 'ಎಲ್ಲವನ್ನೂ ಸಣ್ಣ ಅಕ್ಷರ ಮಾಡು' ಎನ್ನುವ ಗುಂಡಿ ಒತ್ತಿದರೆ ಯೂನಿಕೋಡ್ ಕನ್ನಡಕ್ಕೆ ಏನೂ ಆಗುವುದಿಲ್ಲ, ನಮ್ಮಲ್ಲಿ ದೊಡ್ಡಕ್ಷರ-ಸಣ್ಣಕ್ಷರದ ಭೇದವೇ ಇಲ್ಲ. ವೇಷದ ಕನ್ನಡಕ್ಕೆ ಮಾತ್ರ ದೊಡ್ಡ 'ಪಿ' ಸಣ್ಣ 'ಪಿ' ಆಗಿ 'ಕ' ಮಾಯ. 'ಚಿಹ್ನೆ ಅಳಿಸು' ಅಂದರೆ ಪೌಂಡ್ ಹೋಗುತ್ತದೆ, ಅದರ ಜೊತೆ ನಮ್ಮ 'ನ'ಕಾರವೂ. ಆದ್ದರಿಂದ ಹಳೇ ಪಟ್ಟಿ ಬಂದರೆ ಒಂದೇ ನಿಯಮ: ಮೊದಲು ಪರಿವರ್ತನೆ, ಆಮೇಲೆ ಪೊರಕೆ. ನುಡಿ, ಬರಹ ಎರಡರಲ್ಲೂ ಯೂನಿಕೋಡಿಗೆ ಬದಲಿಸುವ ಸೌಲಭ್ಯವಿದೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಇರುವ ಐವತ್ತು ಹೆಸರನ್ನಾದರೂ ಕಣ್ಣಿಟ್ಟು ಓದಿ.

ಈಗ ಪಟ್ಟಿ ತೆರೆದಿದೆ, ಎಲ್ಲ ಯೂನಿಕೋಡ್. ಮೂಲ ಕಾಲಮ್ಮನ್ನು ಮುಟ್ಟಬೇಡಿ! ಅದರ ಒಂದು ಪ್ರತಿ ಮಾಡಿ 'ಊರು-ತಿದ್ದಿದ್ದು' ಅಂತ ಹೆಸರಿಟ್ಟು ಅದರ ಮೇಲೆ ಕೆಲಸ ಮಾಡಿ. ಮೊದಲು ತುದಿಗಳ ಖಾಲಿ ಜಾಗ ತೆಗೆಯಿರಿ, ನಡುವಿನ ಎರಡು ಮೂರು ಖಾಲಿ ಜಾಗವನ್ನು ಒಂದು ಮಾಡಿ. ಓಪನ್‌ರಿಫೈನ್‌ನಲ್ಲಿ ಎರಡೂ ಸಿದ್ಧ ಗುಂಡಿಗಳೇ. ಎಕ್ಸೆಲ್‌ನಲ್ಲಿ ಟ್ರಿಮ್ ಬಳಸುವವರು ಎಚ್ಚರ: ವೆಬ್ ಪುಟದಿಂದ ಎತ್ತಿ ತಂದ ಪಟ್ಟಿಯಲ್ಲಿ ಇನ್ನೊಂದು ಬಗೆಯ ಖಾಲಿ ಜಾಗ ಇರುತ್ತದೆ, ಸಂಖ್ಯೆ ೧೬೦. ಕಣ್ಣಿಗೆ ಅದೇ ಥರ, ಟ್ರಿಮ್‌ಗೆ ಮಾತ್ರ ಅದು ಕಾಣುವುದಿಲ್ಲ. ಅದನ್ನು ಬೇರೆಯಾಗಿ ಬದಲಿಸಬೇಕು.

ಆಮೇಲೆ ಕಾಲಮ್ಮಿನ ತಲೆಯಲ್ಲಿ 'ಟೆಕ್ಸ್ಟ್ ಫೇಸೆಟ್' ಒತ್ತಿ. ಆ ಕಾಲಮ್ಮಿನಲ್ಲಿ ಎಷ್ಟು ಬಗೆಯ ಬರಹ ಇದೆ, ಒಂದೊಂದೂ ಎಷ್ಟು ಸಲ ಇದೆ ಎಂದು ಪಕ್ಕದಲ್ಲಿ ಪಟ್ಟಿ ಬರುತ್ತದೆ. ನನ್ನ ಪ್ರಕಾರ ಇಡೀ ಸಲಕರಣೆಯಲ್ಲಿ ಬೆಲೆ ಬಾಳುವುದು ಇದೊಂದೇ. ಆರು ನೂರು ಸಾಲು ಓದುವುದು ಬೇಡ, ಎಂಬತ್ತು ಬಗೆ ಓದಿದರೆ ಸಾಕು. ಅಲ್ಲಿ ಕಾಣುತ್ತದೆ ನಮ್ಮ ಅವತಾರ: ಗುಲ್ಬರ್ಗಾ, ಗುಲಬರ್ಗಾ, ಕಲಬುರ್ಗಿ, ಕಲಬುರಗಿ. ಬಾಗಲಕೋಟೆ, ಬಾಗಲಕೋಟ. ಬೀದರ್, ಬೀದರ. ಇನ್ನು ಬೆಂಗಳೂರು ಎರಡು ಸಲ, ಎರಡೂ ಒಂದೇ ಥರ! ಕಣ್ಣುಜ್ಜಿಕೊಳ್ಳಬೇಡಿ, ಹತ್ತಿರದಿಂದ ನೋಡಿ: 'ಬೆಂಗಳೂರು', 'ಬೆ೦ಗಳೂರು'. ಮೊದಲನೆಯದರಲ್ಲಿ ಇರುವುದು ಅನುಸ್ವಾರ. ಎರಡನೆಯದರಲ್ಲಿ ಕೂತಿರುವುದು ಕನ್ನಡ ಅಂಕಿ ಸೊನ್ನೆ! ನಮ್ಮವರು ಎರಡನ್ನೂ ಸೊನ್ನೆ ಅಂತಲೇ ಕರೆಯುತ್ತಾರೆ, ಆದ್ದರಿಂದ ಯಾವುದೋ ಒಂದನ್ನು ಒತ್ತುತ್ತಾರೆ. ಓದುವವನಿಗೆ ತೊಂದರೆಯಿಲ್ಲ, ಹುಡುಕುವವನಿಗೆ ಊರೇ ಇಲ್ಲ. ಸರಿ, ಎಲ್ಲ ಅಂಕಿ ಸೊನ್ನೆಯನ್ನೂ ಅನುಸ್ವಾರ ಮಾಡಿಬಿಡೋಣ ಅಂತ ಹೊರಟರೆ ೨೦೧೪ ಎಂಬ ಇಸವಿಯ ನಡುವೆ ಅನುಸ್ವಾರ ಬಂದು ಕೂರುತ್ತದೆ. ಸೂತ್ರ ಹೀಗಿರಲಿ: ಹಿಂದೆ ಅಂಕಿಯಲ್ಲದೆ ಕನ್ನಡದ ಅಕ್ಷರವೋ ಚಿಹ್ನೆಯೋ ಇದ್ದರೆ ಮಾತ್ರ ಬದಲಿಸು.

ಇನ್ನೂ ಒಂದು ಅವಳಿ ಇದೆ, ಇದು ಹತ್ತಿರದಿಂದ ನೋಡಿದರೂ ಗೊತ್ತಾಗುವುದಿಲ್ಲ. 'ಮೊ' ಎಂಬುದರ ಓತ್ವ ಯೂನಿಕೋಡಿನಲ್ಲಿ ಒಂದೇ ಘಟಕವಾಗಿ ಇರಬಹುದು, ಇಲ್ಲವೇ ಏತ್ವ ಮತ್ತು ದೀರ್ಘ ಕೊಂಬು ಎರಡೂ ಸೇರಿ ಆಗಿರಬಹುದು. 'ಶಿವಮೊಗ್ಗ' ಎರಡೂ ಥರ ಬರೆದರೆ ನಿಯಮದ ಪ್ರಕಾರ ಎರಡೂ ಒಂದೇ. ಹೋಲಿಸಿ ನೋಡುವ ಯಂತ್ರ ಮಾತ್ರ "ಬೇರೆ ಬೇರೆ" ಅನ್ನುತ್ತದೆ. ಇದಕ್ಕೆ ಯೂನಿಕೋಡ್‌ನವರೇ ಮದ್ದು ಕೊಟ್ಟಿದ್ದಾರೆ. ಎನ್‌ಎಫ್‌ಸಿ ಎಂಬ ಏಕರೂಪ. ಪೈಥಾನ್‌ನಲ್ಲಿ ಒಂದೇ ಸಾಲಿನ ಕೆಲಸ. ಹುಡುಕುವ, ಹೋಲಿಸುವ ಮೊದಲು ಅದನ್ನು ಕಣ್ಣು ಮುಚ್ಚಿ ಮಾಡಿ. ಕಣ್ಣು ಮುಚ್ಚಿ ಮಾಡಬಹುದಾದ ಕೆಲಸ ಇವತ್ತಿನ ಭಾಷಣದಲ್ಲಿ ಇದೊಂದೇ!

ಯಾಕೆಂದರೆ ಮುಂದಿನದು ಅಣ್ಣಾವ್ರ ಹೆಸರು. 'ರಾಜ್‌ಕುಮಾರ್' ಎಂದು ಬರೆಯುವಾಗ 'ಜ್' ಆದ ಮೇಲೆ ಕಣ್ಣಿಗೆ ಕಾಣದ ಒಂದು ಗುರುತು ಇದೆ. ಅಗಲವಿಲ್ಲದ್ದು. "ಇಲ್ಲಿ ಒತ್ತಕ್ಷರ ಮಾಡಬೇಡ" ಎಂದು ಹೇಳುವುದು ಅದರ ಕೆಲಸ. ಚೊಕ್ಕಟ ಮಾಡುವವರ ಸೂತ್ರಗಳಲ್ಲಿ "ಅಗಲವಿಲ್ಲದ, ಕಾಣದ ಗುರುತುಗಳನ್ನು ಅಳಿಸು" ಎಂಬುದೂ ಒಂದು. ಅಳಿಸಿದರೆ ಅಣ್ಣಾವ್ರು 'ರಾಜ್ಕುಮಾರ್' ಆಗುತ್ತಾರೆ, ಜಕಾರಕ್ಕೆ ಕಕಾರದ ಒತ್ತು! 'ರ‍್ಯಾಂಕ್' ಪದದಲ್ಲೂ ಇಂಥದ್ದೇ ಇನ್ನೊಂದು ಗುರುತಿದೆ, ತೆಗೆದರೆ ಅರ್ಕಾವತ್ತಿನ 'ರ್ಯಾಂಕ್'. ಹಾಗಂತ ಬಿಟ್ಟರೆ, ಅದೇ ಹೆಸರನ್ನು ಒಬ್ಬ ಆ ಗುರುತಿನೊಡನೆ, ಇನ್ನೊಬ್ಬ ಖಾಲಿ ಜಾಗ ಕೊಟ್ಟು, ಮತ್ತೊಬ್ಬ ಏನೂ ಇಲ್ಲದೆ ಬರೆದಿರುತ್ತಾನೆ. ಆಗ ಎರಡು ಕಾಲಮ್ಮು ಮಾಡಿ. ಒಂದು ತೋರಿಸಲು, ಗುರುತು ಹಾಗೇ ಇರಲಿ. ಇನ್ನೊಂದು ಹೋಲಿಸಲು, ಅದರಲ್ಲಿ ಗುರುತನ್ನೂ ಖಾಲಿ ಜಾಗವನ್ನೂ ತೆಗೆಯಿರಿ. ಆಮಂತ್ರಣ ಪತ್ರಿಕೆಗೆ ಹೋಗುವುದು ಮೊದಲನೆಯದು ಮಾತ್ರ.

ಅಳತೆಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಮಗೆ 'ಶ್ರೀ' ಒಂದು ಅಕ್ಷರ. ಯಂತ್ರಕ್ಕೆ ನಾಲ್ಕು: ಶ, ವಿರಾಮ ಚಿಹ್ನೆ, ರ, ದೀರ್ಘದ ಗುಡಿಸು. ಬೈಟಿನ ಲೆಕ್ಕದಲ್ಲಿ ಹನ್ನೆರಡು. ಹೆಸರಿಗೆ ಐವತ್ತು ಬೈಟ್ ಸಾಕು ಎಂದು ಇಂಗ್ಲಿಷಿನ ಅಳತೆಯಲ್ಲಿ ಜಾಗ ಮಾಡಿಟ್ಟರೆ ಕನ್ನಡಕ್ಕೆ ಸಿಗುವುದು ಹದಿನಾರು ಘಟಕ. ಕತ್ತರಿಸಿದ ಜಾಗದಲ್ಲಿ ಕೊಂಬು ಹೋಗಿರಬಹುದು, ಅರ್ಧ ಒತ್ತು ಉಳಿದಿರಬಹುದು. ಹೆಸರಿನ ಮೊದಲ ಅಕ್ಷರ ತೆಗೆದು ಇನಿಷಿಯಲ್ ಮಾಡುತ್ತೇನೆ ಎಂದು ಹೊರಟವನಿಗೆ 'ಕೃಷ್ಣ'ನಿಂದ ಸಿಗುವುದು 'ಕೃ' ಅಲ್ಲ, ಬರೀ 'ಕ'.

ಇನಿಷಿಯಲ್ ಎಂದ ಮೇಲೆ ಹೆಸರನ್ನು ಒಡೆಯುವ ಮಾತು ಬಂತು. ಇದರ ಬಗ್ಗೆ ನನಗೆ ಸ್ವಲ್ಪ ಕೋಪವೇ ಇದೆ. ಎಲ್ಲಾ ಸಲಕರಣೆಗಳಲ್ಲೂ 'ಕಾಲಮ್ಮು ಒಡೆ' ಎಂಬ ಸೌಲಭ್ಯ ಇದೆ. ಖಾಲಿ ಜಾಗ ಸಿಕ್ಕಲ್ಲಿ ಕತ್ತರಿಸಿ, ಮೊದಲ ತುಂಡು 'ಫಸ್ಟ್ ನೇಮ್', ಕೊನೆಯ ತುಂಡು 'ಸರ್‌ನೇಮ್' ಎಂದು ಹಾಕುತ್ತಾರೆ. ಎಲ್ಲಿಯ ಪದ್ಧತಿ ಇದು? ಕೆ. ವಿ. ಪುಟ್ಟಪ್ಪ ಎಂಬ ಹೆಸರನ್ನು ಹೀಗೆ ಒಡೆಯಿರಿ. ಕುಪ್ಪಳಿ ಊರು. ವೆಂಕಟಪ್ಪ ತಂದೆ. ಪುಟ್ಟಪ್ಪ ಎಂಬುದೇ ಕವಿಯ ಸ್ವಂತ ಹೆಸರು! ಸಲಕರಣೆಯ ಪ್ರಕಾರ ಕುವೆಂಪು ಅವರ ಸ್ವಂತ ಹೆಸರು 'ಕೆ.', ಮನೆತನದ ಹೆಸರು ಪುಟ್ಟಪ್ಪ. ಯು. ಆರ್. ಅನಂತಮೂರ್ತಿಯವರದೂ ಇದೇ ದಾರಿ, ಉಡುಪಿ ಊರು, ರಾಜಗೋಪಾಲಾಚಾರ್ಯ ತಂದೆ. ಹಾಗಾದರೆ ನಮ್ಮ ಕಡೆ ಕೊನೆಯದೇ ಸ್ವಂತ ಹೆಸರು ಎಂದು ಸೂತ್ರ ತಿರುಗಿಸಿ ಬರೆಯೋಣವೇ? ಕೃಷ್ಣೆಯ ಕಡೆಯವರು ನಕ್ಕುಬಿಡುತ್ತಾರೆ. ದ. ರಾ. ಬೇಂದ್ರೆಯವರಲ್ಲಿ ದತ್ತಾತ್ರೇಯ ಸ್ವಂತ ಹೆಸರು, ರಾಮಚಂದ್ರ ತಂದೆ, ಬೇಂದ್ರೆ ಮನೆತನ. ಎಂ. ಎಂ. ಕಲಬುರ್ಗಿಯವರಲ್ಲಿ ಮಲ್ಲೇಶಪ್ಪ, ಮಡಿವಾಳಪ್ಪ, ಆಮೇಲೆ ಮನೆತನ, ಅದೂ ಊರಿನ ಹೆಸರೇ. ಎರಡು ಇನಿಷಿಯಲ್, ಒಂದು ಪೂರ್ಣ ಹೆಸರು. ನೋಡಲು ನಾಲ್ವರೂ ಒಂದೇ ಥರ, ಒಳಗೆ ತದ್ವಿರುದ್ಧ. ಮೈಸೂರು ಸೀಮೆಗೂ ಧಾರವಾಡ ಸೀಮೆಗೂ ಒಂದೇ ಕತ್ತರಿ ನಡೆಯುವುದಿಲ್ಲ. ಆದ್ದರಿಂದ ದಾನಿಗಳ ಪಟ್ಟಿಯಲ್ಲಿ ಹೆಸರನ್ನು ಒಡೆಯಲೇಬೇಡಿ. ಪೂರ್ಣ ಹೆಸರು ಒಂದೇ ಕಾಲಮ್ಮು, 'ಹೇಗೆ ಕರೆಯಬೇಕು' ಎಂದು ಇನ್ನೊಂದು ಕಾಲಮ್ಮು. ಅದನ್ನು ಅವರನ್ನೇ ಕೇಳಿ ತುಂಬಿ. ನಿಮ್ಮ ಕಂಪನಿಯಲ್ಲಿ ಅರ್ಜಿ ನಮೂನೆ ಮಾಡುವ ಕೆಲಸ ನಿಮ್ಮ ಕೈಯಲ್ಲಿದ್ದರೆ, 'ಸರ್‌ನೇಮ್ ಕಡ್ಡಾಯ' ಎಂಬ ಕೆಂಪು ನಕ್ಷತ್ರವನ್ನು ತೆಗೆಸಿ. ನಮ್ಮ ಎಷ್ಟು ಮಕ್ಕಳು ಅಲ್ಲಿ ತಂದೆಯ ಹೆಸರನ್ನೋ ಒಂದು ಚುಕ್ಕೆಯನ್ನೋ ಹಾಕಿ ಮುಂದೆ ಹೋಗುತ್ತಿದ್ದಾರೆ!

ಮತ್ತೆ ಊರಿನ ಕಾಲಮ್ಮಿಗೆ ಬರೋಣ. ಓಪನ್‌ರಿಫೈನ್‌ನಲ್ಲಿ 'ಕ್ಲಸ್ಟರ್' ಎಂಬ ಸೌಲಭ್ಯ ಇದೆ. ಒಂದೇ ಇರಬಹುದು ಅನ್ನಿಸುವ ಬರಹಗಳನ್ನು ತಾನೇ ಗುಂಪು ಮಾಡಿ "ಇವನ್ನು ಸೇರಿಸಲೇ?" ಎಂದು ಕೇಳುತ್ತದೆ. ಅದರಲ್ಲಿ 'ಫಿಂಗರ್‌ಪ್ರಿಂಟ್' ಎಂಬ ವಿಧಾನ ಪದಗಳನ್ನು ಬಿಡಿಸಿ, ವಿರಾಮ ಚುಕ್ಕೆ ತೆಗೆದು, ಅಕಾರಾದಿಯಾಗಿ ಜೋಡಿಸಿ ಹೋಲಿಸುತ್ತದೆ. 'ಮಂಜುನಾಥ ಹೆಚ್.' ಮತ್ತು 'ಹೆಚ್ ಮಂಜುನಾಥ' ಸಿಕ್ಕಿಬೀಳುತ್ತಾರೆ. ಉಚ್ಚಾರಣೆ ನೋಡಿ ಹೋಲಿಸುವ ವಿಧಾನಗಳೂ ಇವೆ. ಅವು ಇಂಗ್ಲಿಷಿಗೆ, ಜರ್ಮನಿಗೆ ಮಾಡಿದವು. ಕನ್ನಡಕ್ಕೆ ನಂಬಬೇಡಿ. 'ಲೆವನ್‌ಷ್ಟೈನ್' ಎಂಬುದು ಒಂದು ಪದದಿಂದ ಇನ್ನೊಂದಕ್ಕೆ ಹೋಗಲು ಎಷ್ಟು ಅಕ್ಷರ ಬದಲಿಸಬೇಕು ಎಂದು ಎಣಿಸುತ್ತದೆ. ಇದು ಕನ್ನಡಕ್ಕೂ ನಡೆಯುತ್ತದೆ. ಒಂದು ಮಾತು: ಅದರಲ್ಲಿ 'ಬ್ಲಾಕ್ ಕ್ಯಾರೆಕ್ಟರ್ಸ್' ಎಂಬಲ್ಲಿ ಮೊದಲೇ ಆರು ಎಂದು ಇರುತ್ತದೆ. ಆರು ಘಟಕವಾದರೂ ಒಂದೇ ಆಗಿರುವ ಪದಗಳನ್ನು ಮಾತ್ರ ಅದು ಹೋಲಿಸುತ್ತದೆ. 'ಹಾಸನ' ಇರುವುದೇ ನಾಲ್ಕು ಘಟಕ. ಆ ಸಂಖ್ಯೆಯನ್ನು ಇಳಿಸಿಕೊಳ್ಳಿ.

ಗುಂಪು ಬಂತು ಅಂತ ಎಲ್ಲದಕ್ಕೂ ಗುರುತು ಹಾಕಿ ಸೇರಿಸಬೇಡಿ. 'ರಾಮ' ಮತ್ತು 'ರಮಾ' ಯಂತ್ರಕ್ಕೆ ಎರಡೇ ಹೆಜ್ಜೆ ದೂರ. ಮನೆಯಲ್ಲಿ ಗಂಡ ಹೆಂಡತಿ ಇರಬಹುದು! ಹೆಸರಿನ ಕಾಲಮ್ಮಿನಲ್ಲಿ ಫೋನೂ ಒಂದೇ ಆಗಿದ್ದರೆ ಮಾತ್ರ ಯೋಚಿಸಿ.

ಊರುಗಳಿಗೆ ಅದಕ್ಕಿಂತ ಒಳ್ಳೆಯ ದಾರಿ ಇದೆ. ೨೦೧೪ರ ನವೆಂಬರ್ ೧ರಂದು ಹನ್ನೆರಡು ಊರುಗಳ ಹೆಸರು ಇಂಗ್ಲಿಷಿನಲ್ಲೂ ಕನ್ನಡದ ರೂಪಕ್ಕೆ ಬಂದವು. ಬೆಂಗಳೂರು, ಮೈಸೂರು, ಮಂಗಳೂರು, ಬೆಳಗಾವಿ, ಬಳ್ಳಾರಿ, ವಿಜಯಪುರ, ಕಲಬುರಗಿ, ಹುಬ್ಬಳ್ಳಿ, ಚಿ‌ಕ್ಕಮಗಳೂರು, ಹೊಸಪೇಟೆ, ಶಿವಮೊಗ್ಗ, ತುಮಕೂರು. ಆದೇಶ ಬಂದು ಹತ್ತು ವರ್ಷ ದಾಟಿತು. ಪಟ್ಟಿಗಳಲ್ಲಿ ಗುಲ್ಬರ್ಗಾ, ಬಿಜಾಪುರ ಇನ್ನೂ ಹಾಯಾಗಿ ಕೂತಿವೆ. ಒಂದು ಚಿಕ್ಕ ಕೋಷ್ಟಕ ಮಾಡಿ: ಎಡಕ್ಕೆ ಕಂಡ ಬರಹ, ಬಲಕ್ಕೆ ಸರಿಯಾದ ಹೆಸರು. ಅದನ್ನು ಎಲ್ಲಾ ಶಾಖೆಗೂ ಹಂಚಿ. ಆದರೆ ಇಲ್ಲೂ ಉತ್ಸಾಹ ಮಿತಿಯಲ್ಲಿರಲಿ. ಛತ್ತೀಸಗಢದಲ್ಲೂ ಬಿಜಾಪುರ ಎಂಬ ಜಿಲ್ಲೆ ಇದೆ, ಅದನ್ನು ವಿಜಯಪುರ ಮಾಡುವ ಹಕ್ಕು ನಮಗಿಲ್ಲ! ನಮ್ಮ ದೇವನಹಳ್ಳಿ ತಾಲೂಕಿನಲ್ಲೂ ಒಂದು ವಿಜಯಪುರ ಇದೆ. ಇಂಗ್ಲಿಷಿನಲ್ಲಿ ಹಾಸನವನ್ನೂ ಹಸನ್ ಎಂಬ ಮನುಷ್ಯನ ಹೆಸರನ್ನೂ ಬರೆಯುವುದು ಒಂದೇ ಥರ. ವಿಳಾಸದ ಕಾಲಮ್ಮಿನಲ್ಲಿ ಸುಮ್ಮನೆ ಬದಲಿಸಿದರೆ ಒಬ್ಬ ಸಾಬರು ಜಿಲ್ಲೆಯಾಗಿಬಿಡುತ್ತಾರೆ. ಆದ್ದರಿಂದ ಪೂರ್ತಿ ಕೋಶ ಹೊಂದಿದರೆ ಮಾತ್ರ ಬದಲಿಸಿ. ರಾಜ್ಯ, ಪಿನ್‌ಕೋಡ್ ಇದ್ದರೆ ಅದನ್ನೂ ನೋಡಿ.

ರಕ್ತದ ಗುಂಪಿನ ಕಾಲಮ್ಮನ್ನು ಬೇಕೆಂದೇ ಕೊನೆಗೆ ಉಳಿಸಿದ್ದೇನೆ. ಎಂಟೇ ಎಂಟು ಉತ್ತರ ಇರಬೇಕಾದ ಕಾಲಮ್ಮು ಅದು. ಫೇಸೆಟ್ ತೆಗೆದರೆ ಮೂವತ್ತು ಇರುತ್ತವೆ. 'ಓ+', 'ಓ ಪಾಸಿಟಿವ್', 'ಓ ಪಾಸ್', 'ಓ' ಜಾಗದಲ್ಲಿ ಅಂಕಿ ಸೊನ್ನೆ. ಇಲ್ಲಿ "ಚಿಹ್ನೆ ಅಳಿಸು" ಎಂಬ ಸೂತ್ರ ಓಡಿಸಿದರೆ ಏನಾಗುತ್ತದೆ ನೀವೇ ಹೇಳಿ. ಕೂಡುವ ಗುರುತೂ ಹೋಗುತ್ತದೆ, ಕಳೆಯುವ ಗುರುತೂ ಹೋಗುತ್ತದೆ. ಓ ಪಾಸಿಟಿವ್, ಓ ನೆಗೆಟಿವ್ ಎರಡೂ ಬರೀ 'ಓ'! ರಕ್ತನಿಧಿಯವರು ಹೇಗೂ ಪರೀಕ್ಷೆ ಮಾಡಿಯೇ ತೆಗೆದುಕೊಳ್ಳುತ್ತಾರೆ, ತಪ್ಪು ರಕ್ತ ಹೋಗುವುದಿಲ್ಲ. ಆದರೆ ಸರಿಯಲ್ಲದ ಮೂವರನ್ನು ಎಬ್ಬಿಸಿ, ಆಟೋ ಹತ್ತಿಸಿ ಕಳಿಸಿ, ವಾಪಸ್ ಬಂದು ಮತ್ತೆ ಪಟ್ಟಿ ಹಿಡಿಯುವ ಹೊತ್ತಿಗೆ ಆ ಬಾಣಂತಿಯ ಎರಡು ಗಂಟೆ ಹೋಗಿರುತ್ತದೆ. ಕಳೆಯುವ ಗುರುತಿನಲ್ಲೂ ಮೂರು ವೇಷ ಇದೆ: ಕೀಲಿಮಣೆಯ ಚಿಕ್ಕ ಅಡ್ಡಗೆರೆ, ಮೊಬೈಲು ತಾನೇ ಹಾಕುವ ಉದ್ದ ಗೆರೆ, ಗಣಿತದ ಗುರುತು. ಯಂತ್ರಕ್ಕೆ ಮೂರೂ ಬೇರೆ. ಆದ್ದರಿಂದ ಈ ಕಾಲಮ್ಮಿನಲ್ಲಿ ಮೊದಲು ಗುರುತನ್ನು ಪದವಾಗಿ ಬದಲಿಸಿ, 'ಪಾಸಿಟಿವ್', 'ನೆಗೆಟಿವ್' ಎಂದು. ಆಮೇಲೆ ಉಳಿದದ್ದು. ಬರೀ 'ಓ' ಎಂದು ಬರೆದವರನ್ನು ಯಾವ ಗುಂಪಿಗೂ ಸೇರಿಸಬೇಡಿ. "ಹೆಚ್ಚಿನವರು ಪಾಸಿಟಿವ್ ತಾನೇ" ಎಂಬ ಅಂದಾಜು ಬೇಡ. 'ಕೇಳಬೇಕು' ಎಂದು ಗುರುತು ಹಾಕಿಡಿ.

"ಇಷ್ಟೆಲ್ಲಾ ಯಾಕೆ ಸಾರ್, ಈಗ ಎಐ ಬಂದಿದೆ, ಪಟ್ಟಿ ಕೊಟ್ಟು 'ಸರಿ ಮಾಡು' ಅಂದರೆ ಆಯ್ತು" ಎಂದು ಹಿಂದಿನ ಸಾಲಿನಲ್ಲಿ ಯಾರೋ ಗುಸುಗುಸು ಅನ್ನುತ್ತಿದ್ದೀರಿ. ಕೇಳಿಸಿತು! ಕೇಳಿ, ಸೂತ್ರ ಬರೆದುಕೊಡು ಎಂದು ಅದನ್ನು ಕೇಳಿ, ಚೆನ್ನಾಗಿ ಬರೆಯುತ್ತದೆ. ಆದರೆ ಪಟ್ಟಿಯನ್ನೇ ಅದರ ಬಾಯಿಗೆ ಕೊಡಬೇಡಿ. ಒಂದು, ಅದು ಜನರ ಗುಟ್ಟು. ಎರಡು, ಅದು 'ರಮಾ'ಳನ್ನು ಯಾವ ಸಾಲಿನಲ್ಲಿ 'ರಾಮ' ಮಾಡಿತು ಎಂದು ನಿಮಗೆ ಗೊತ್ತಾಗುವುದಿಲ್ಲ. ಓಪನ್‌ರಿಫೈನ್‌ನಲ್ಲಿ ಮಾಡಿದ ಪ್ರತಿ ಹೆಜ್ಜೆಯೂ ಎಡಗಡೆ ದಾಖಲಾಗಿರುತ್ತದೆ. ಬೇಡವೆಂದರೆ ಹಿಂದಕ್ಕೆ ಹೋಗಬಹುದು. ಆ ಹೆಜ್ಜೆಗಳಲ್ಲಿ ಹೆಚ್ಚಿನವನ್ನು ಬರಹವಾಗಿ ತೆಗೆದು ಇನ್ನೊಂದು ಶಾಖೆಯವರಿಗೆ ಕೊಟ್ಟರೆ ಅವರ ಪಟ್ಟಿಯ ಮೇಲೂ ಅದೇ ಹೆಜ್ಜೆ ಓಡುತ್ತದೆ. ಹುಬ್ಬಳ್ಳಿಯವರು ತಿದ್ದಿದ್ದನ್ನು ಕೋಲಾರದವರು ಮತ್ತೆ ತಿದ್ದಬೇಕಾಗಿಲ್ಲ.

ಕಂಪನಿಗಳಲ್ಲಿ ಇರುವವರಿಗೆ ಒಂದು ವಿನಂತಿ. ನಿಮ್ಮ ತಂಡದ ಸೂತ್ರಗಳಲ್ಲಿ "ಇಂಗ್ಲಿಷ್ ಅಲ್ಲದ್ದು ಕಸ" ಎನ್ನುವ ಸಾಲು ಎಲ್ಲಿದೆ ಎಂದು ನಾಳೆ ಹುಡುಕಿ. ಜಗಳ ಬೇಡ. 'ಲೆಟರ್' ಜೊತೆಗೆ 'ಮಾರ್ಕ್' ಎಂಬುದನ್ನೂ ಸೇರಿಸಿ. ಅಥವಾ ಕನ್ನಡದ ಪೂರ್ತಿ ಮನೆಯನ್ನೇ, ಯೂನಿಕೋಡಿನಲ್ಲಿ ನಮಗೆ ಕೊಟ್ಟಿರುವ ೧೨೮ ಜಾಗವನ್ನೂ, ಆ ಎರಡು ಕಾಣದ ಗುರುತುಗಳನ್ನೂ ಬಿಡಬೇಕಾದವುಗಳ ಸಾಲಿಗೆ ಹಾಕಿ. ಮರಾಠಿ, ತಮಿಳು, ತೆಲುಗಿನವರಿಗೂ ಇದೇ ಗೋಳು. ಅವರ ಮನೆಗೂ ಬಾಗಿಲು ತೆರೆದಿಡಿ. ಪರೀಕ್ಷೆಗೆ ಐದೇ ಪದ ಇಟ್ಟುಕೊಳ್ಳಿ: ಬೆಂಗಳೂರು, ಮೈಸೂರು, ಮೊಸರು, ಶ್ರೀಕೃಷ್ಣ, ರಾಜ್‌ಕುಮಾರ್. ಯಾವುದೇ ಸೂತ್ರ ಓಡಿಸಿದ ಮೇಲೂ ಈ ಐದೂ ಹೋದ ಹಾಗೇ ಹೊರಬಂದರೆ ಆ ಸೂತ್ರ ಕನ್ನಡದ ಪಟ್ಟಿಗೆ ಹಚ್ಚಬಹುದು.

ಸರಿ, ಲ್ಯಾಪ್‌ಟಾಪ್ ತಂದವರು ಮುಂದಿನ ಬೆಂಚಿಗೆ ಬನ್ನಿ. ನಾಲ್ಕು ಶಾಖೆಯ ಪಟ್ಟಿ ಪೆನ್‌ಡ್ರೈವ್‌ನಲ್ಲಿದೆ. ತರದವರು 'ಕೇಳಬೇಕು' ಎಂದು ಗುರುತು ಬೀಳುವ ಹೆಸರುಗಳನ್ನು ಹಂಚಿಕೊಂಡು, ಊಟಕ್ಕೆ ಮುಂಚೆ ಒಬ್ಬೊಬ್ಬರಿಗೂ ಫೋನ್ ಮಾಡಿ ರಕ್ತದ ಗುಂಪು ಕೇಳಿ ಬರೆದುಕೊಳ್ಳಿ.